ಹಂಗಾರ್ ಬಟ್ಟಿ ಯಾರ್ ಒಗೂದ್?

ತಲ್ಲೂರಿನ ಆ ಮನೆಯಲ್ಲಿ ಹನ್ನೆರಡು ಜನ, ಒಂದು ಬಾವಿ, ಒಂದು ದನ, ಒಂದು ಒಗೆಯುವ ಕಲ್ಲು. ಮುಂಬೈಯಲ್ಲಿ ಕ್ಯಾಂಟೀನ್ ನಡೆಸುವ ಅಳಿಯ ಚಂದ್ರ ನವರಾತ್ರಿಗೆ ಬಂದರೆ ಹದಿಮೂರು ಜನ. ವಾಷಿಂಗ್ ಮೆಷಿನ್ನೂ ಒಂದಿತ್ತು. ಆರು ವರ್ಷದ ಹಿಂದೆ ಚಂದ್ರನೇ ಲಾರಿಯಲ್ಲಿ ಕಳಿಸಿದ್ದು. ಬಂದ ವರ್ಷವೇ ಇಲಿ ಅದರ ವಯರು ಕಡಿಯಿತು. ಅಂದಿನಿಂದ ಅಮ್ಮಣಿ ಅಜ್ಜಿ ಅದರೊಳಗೆ ನೀರುಳ್ಳಿ ತುಂಬಿಸಿಡುತ್ತಾಳೆ. ಗಾಳಿಯಾಡುತ್ತದೆ, ಮುಚ್ಚಳ ಭದ್ರ, ಇಲಿಗೂ ಅದರ ಮೇಲಿನ ಆಸಕ್ತಿ ಹೋಗಿದೆ. "ನಮ್ ಅಳಿಯ ಕಳ್ಸಿದ್ರಂಗೆ ಉಪಕಾರಕ್ ಬಂದದ್ ಇದೊಂದೇ" ಎಂದು ಅಜ್ಜಿ ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸುವುದುಂಟು.

ಹಾಗಾಗಿ ಕಲ್ಲೇ ಗತಿ. ಬಾವಿಕಟ್ಟೆಯ ಪಕ್ಕ, ಪೇರಳೆ ಮರದ ಬುಡದಲ್ಲಿ, ತುಸು ಇಳಿಜಾರಾಗಿ ಹಾಕಿದ ಶಿಲೆಕಲ್ಲು. ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿದೆ. ಅದರ ಎದುರು ಹದಿನಾಲ್ಕು ವರ್ಷದಿಂದ ನಿಂತವಳು ಚಂದ್ರನ ಹೆಂಡತಿ, ಅಜ್ಜಿಯ ಕೊನೆಯ ಮಗಳು ಪ್ರಫುಲ್ಲಾ. ವಯಸ್ಸು ನಲವತ್ತನಾಲ್ಕು. ಮದುವೆಯಾಗಿ ಮೂರು ವರ್ಷ ಮುಂಬೈಯಲ್ಲಿದ್ದು ಹೆರಿಗೆಗೆ ತಾಯಿಮನೆಗೆ ಬಂದಳು. ಹೆತ್ತ ಮಗುವಿಗೆ ಮೂರು ತುಂಬುವ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಗು, ಅದು ಅಂಗನವಾಡಿಗೆ ಹೋಗುವ ಹೊತ್ತಿಗೆ ಮತ್ತೊಂದು. ಎಲ್ಲರ ತೊಟ್ಟಿಲ ಬಟ್ಟೆಯೂ ಅವಳ ಬಕೆಟಿಗೇ ಬಿತ್ತು. ಮುಂಬೈಗೆ ವಾಪಸು ಹೋಗುವ ಮಾತು ಆ ಬಕೆಟಿನಲ್ಲೇ ಎಲ್ಲೋ ಮುಳುಗಿಹೋಯಿತು. ಅಕ್ಕನ ಮಗನಿಗೆ ಅವಳು ಚಿಕ್ಕಿ; ಅವನನ್ನು ಕೇಳಿ ಅಣ್ಣಂದಿರ ಮಕ್ಕಳಿಗೂ ಚಿಕ್ಕಿಯೇ. ಹೆತ್ತ ಮಗಳು ಪೂಜಿತಾ ಕೂಡ ಉಳಿದವರು ಕರೆಯುವುದನ್ನು ಕೇಳಿ ಕೇಳಿ ಚಿಕ್ಕಿ ಎಂದೇ ಕರೆಯುತ್ತಾಳೆ.

ಒಗೆಯುವುದನ್ನು ಪ್ರಫುಲ್ಲಾ ವಿದ್ಯೆ ಎಂದು ಯಾವತ್ತೂ ಹೇಳಿಕೊಂಡವಳಲ್ಲ. ಆದರೆ ಕಣ್ಣುಮುಚ್ಚಿ ಮುಟ್ಟಿದರೂ ಯಾರ ಅಂಗಿ ಎಂದು ಹೇಳಬಲ್ಲಳು. ಅಣ್ಣ ರಾಜೇಂದ್ರನ ಅಂಗಿಗೆ ಅಂಗಡಿಯ ಬೆಲ್ಲದ ಜಿಗುಟು, ಆರನೇ ಕ್ಲಾಸಿನ ರತನ್‌ನ ಬಲತೋಳಿಗೆ ಮೂಗು ಒರಸಿದ ಗುರುತು, ಎರಡನೇ ಕ್ಲಾಸಿನ ದಿವ್ಯಾಳ ಲಂಗದ ಅಂಚಿಗೆ ಪೆನ್ಸಿಲಿನ ಪುಡಿ. ಅಕ್ಕನ ಮಗ ಶೈಲೇಶನ ಅಂಗಿಗೆ ಮಾತ್ರ ವಿಶೇಷ ಗುರುತೇನೂ ಇಲ್ಲ, ಬರೀ ಸೆಂಟಿನ ವಾಸನೆ. ಕೆಲಸ ಮಾಡಿದ ಬೆವರು ಅದರಲ್ಲಿ ಅಷ್ಟಾಗಿ ಸಿಗುತ್ತಿರಲಿಲ್ಲ.

ಶೈಲೇಶನ ಅಪ್ಪ ಅಮ್ಮ ಸಿದ್ದಾಪುರದಲ್ಲಿ ರಬ್ಬರ್ ತೋಟ ನೋಡಿಕೊಂಡಿದ್ದಾರೆ. ಹೈಸ್ಕೂಲಿಗೆಂದು ಅಜ್ಜಿಮನೆಗೆ ಬಂದವ ಇಲ್ಲಿಯೇ ಉಳಿದ. ಈಗ ಇಪ್ಪತ್ತಾರು. ಕುಂದಾಪುರದ ಒಂದು ಸ್ಕೂಟರ್ ಶೋರೂಮಿನಲ್ಲಿ ಸೇಲ್ಸ್ ಕೆಲಸ. ತಿಂಗಳಿಗೆ ಎಂಟು ಸ್ಕೂಟರ್ ಮಾರಿದರೆ ಗೋಡೆಯ ಮೇಲೆ ಫೋಟೋ ಹಾಕುತ್ತಾರೆ, ನಾಲ್ಕು ಮಾರಿದರೆ ಒಳಗೆ ಕರೆದು ಬೈಯುತ್ತಾರೆ. ಶೈಲೇಶ ಆರು ಮಾರುವವ. ಅವನನ್ನು ಯಾರೂ ಗಮನಿಸುವುದಿಲ್ಲ. 'ನಾನು ನನ್ನ ಕಾಲ ಮೇಲೆ ನಿಂತವ' ಎಂದು ಹೇಳಿಕೊಳ್ಳುವ ಅಭ್ಯಾಸ ಅವನಿಗಿತ್ತು. ನಿಂತ ಕಾಲಿಗೆ ತೊಟ್ಟ ಸಾಕ್ಸನ್ನು ಜೀವಮಾನದಲ್ಲಿ ಒಮ್ಮೆಯೂ ತೊಳೆದಿರಲಿಲ್ಲ.

ನವೆಂಬರಿನ ಒಂದು ಭಾನುವಾರ, ಬಂಗುಡೆ ಸಾರಿನ ಊಟ ನಡುವಿಗೆ ಬಂದಿದ್ದಾಗ, ಪ್ರಫುಲ್ಲಾ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದಳು.

"ಸ್ವರ್ಣಲತಕ್ಕ ಕೆಲ್ಸಕ್ ಬಾ ಅಂದಿತ್. ಒಂಬತ್ತರಿಂದ ಐದ್ ಗಂಟಿ. ನಂಗೆ ಹೋಯ್ಕ್ ಅಂದ್ ಇತ್ತ್."

ಸ್ವರ್ಣಲತಾ ಕುಂದಾಪುರದಲ್ಲಿ ಮದುಮಕ್ಕಳ ಸೀರೆಗೆ ಮೊದಲೇ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪೆಟ್ಟಿಗೆಗೆ ಹಾಕಿ ಕೊಡುವ ಅಂಗಡಿ ಇಟ್ಟವಳು. ಈಗಿನ ಮದುಮಗಳಿಗೆ ಸೀರೆ ಉಡಲು ಹತ್ತು ನಿಮಿಷವೂ ಇಲ್ಲ. ಪೆಟ್ಟಿಗೆ ಬಿಚ್ಚಬೇಕು, ಸಿಕ್ಕಿಸಿಕೊಳ್ಳಬೇಕು, ಫೋಟೋಕ್ಕೆ ನಿಲ್ಲಬೇಕು. ಹಾಲಾಡಿಯ ಒಂದು ಮದುವೆಯಲ್ಲಿ ಪ್ರಫುಲ್ಲಾ ಬ್ರಹ್ಮಾವರದ ಹುಡುಗಿಯೊಬ್ಬಳಿಗೆ ಧಾರೆ ಸೀರೆ ಉಡಿಸಿದ್ದನ್ನು ಅವಳು ನಿಂತು ನೋಡಿದ್ದಳು. ಒಂದು ಪಿನ್ನಿಲ್ಲದೆ ಹಿಡಿದ ಏಳು ನೆರಿಗೆ, ಹುಡುಗಿ ಊಟಕ್ಕೆ ಕುಳಿತು ಎದ್ದರೂ ಏಳೇ ಇದ್ದವು. ಅಲ್ಲೇ ಕೈಹಿಡಿದು ಕೇಳಿದ್ದಳು.

ಬಂಗುಡೆಯ ಮುಳ್ಳು ಬಿಡಿಸುವ ಕೈಗಳು ನಿಂತವು. ಮೊದಲು ಬಾಯಿ ಬಿಟ್ಟವ ಶೈಲೇಶ.

"ಹಂಗಾರ್ ಬಟ್ಟಿ ಯಾರ್ ಒಗೂದ್?"

ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು ಎಂದು ಬರೆಯಬಹುದಿತ್ತು. ನಾಚಿಕೆ ಬಂದದ್ದು ಕೆಲವು ದಿನದ ನಂತರ. ಆಗ ಅವನಿಗೆ ಅದು ಬಹಳ ಸಮಂಜಸವಾದ ಪ್ರಶ್ನೆ ಎಂದೇ ಅನಿಸಿತ್ತು, ಮತ್ತು ಒಬ್ಬನೇ ಹಾಗೆ ಯೋಚಿಸಿದವನೂ ಅಲ್ಲ. ಸಂಜೆ ಫೋನು ಮಾಡಿದ ಚಂದ್ರ, "ಒಳ್ಳೇದಾಯ್ತ್ ಮಾರಾಯ್ತಿ, ಹೋಗ್" ಎಂದು ಮನಸಾರೆ ಹೇಳಿ, ಒಂದು ಗಳಿಗೆ ಬಿಟ್ಟು, "ಅಲ್ಲ, ಹಂಗಾರ್ ಬಟ್ಟಿ ಯಾರ್ ಒಗೂದ್?" ಎಂದ. ಮರುದಿನ ತೆಂಗಿನಕಾಯಿ ಕೊಯ್ಯಲು ಬಂದ ಕರಿಯ, ಮರದ ತುದಿಯಿಂದಲೇ ಕೂಗಿದ: "ಹ್ವಾಯ್ ಪ್ರಫುಲ್ಲಕ್ಕ, ಕೆಲ್ಸಕ್ ಹೋತ್ರಿ ಅಂಬ್ರಲೆ? ಹಂಗಾರ್ ಬಟ್ಟಿ ಯಾರ್ ಒಗೂದ್?"

"ನೀ ಇಳ್ದ್ ಬಾ, ನಿನ್ ಲುಂಗಿಯೂ ಒಂದ್ ಹಾಕ್" ಎಂದಳು ಪ್ರಫುಲ್ಲಾ ಕೆಳಗಿನಿಂದ. "ಬಾಕಿ ಆಪುದ್ ಬೇಡ."

ತೀರ್ಮಾನ ಅಜ್ಜಿಯದು. ಎಪ್ಪತ್ತೆಂಟರ ಅಮ್ಮಣಿ ಅಜ್ಜಿ ಒಂದು ದಿನ ಯೋಚಿಸಿ, ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಶರತ್ತು ಹಾಕಿದಳು. ಇಬ್ಬರು ಸೊಸೆಯಂದಿರು ತಮ್ಮದು, ತಮ್ಮ ಗಂಡಂದಿರದು, ಅಜ್ಜಿಯದು ನೋಡಿಕೊಳ್ಳಬೇಕು. ಮಕ್ಕಳು ಅವರವರದು ಅವರವರೇ ಒಗೆದುಕೊಳ್ಳಬೇಕು. "ಮಕ್ಳ್ ಅಂದ್ರೆ ಶೈಲೇಶನೂ ಸೇರಿ" ಎಂದು ಬೇರೆಯಾಗಿ ಹೇಳಿದಳು. ಎರಡು ವಾರ ಪ್ರಫುಲ್ಲಾ ಕಲಿಸಬೇಕು. ಆಮೇಲೆ ಏಳು ದಿನದ ಪರೀಕ್ಷೆ, ಒಂದು ಮಂಗಳವಾರದಿಂದ ಮುಂದಿನ ಸೋಮವಾರ ಮಕ್ಕಳು ಶಾಲೆಗೆ ಹೊರಡುವ ತನಕ.

"ಆ ಏಳ್ ದಿನದಂಗೆ ಒಬ್ರ್ ಬಾಯಂಗೂ 'ಚಿಕ್ಕೀ, ನನ್ ಅಂಗಿ ಎಲ್ಲಿ' ಅಂಬು ಮಾತ್ ಬಪ್ಪುಕಾಗ. ಒಂದ್ ಸಲ ಬಂದ್ರೆ ಸಾಕ್, ಪ್ರಫುಲ್ಲ ಎಲ್ಲಿಗೂ ಹೋಪುದ್ ಬೇಡ."

ಸ್ವರ್ಣಲತಾ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಳು. ಇಲ್ಲದಿದ್ದರೆ ಬೈಂದೂರಿನಿಂದ ಒಬ್ಬಳು ಬರಲು ತಯಾರಾಗಿ ಕೂತಿದ್ದಳು.

"ಆಯ್ತ್ ಅಬ್ಬಿ" ಎಂದಳು ಪ್ರಫುಲ್ಲಾ ತಾಯಿಗೆ. ಅಷ್ಟೇ. ಎದ್ದು ಹೋಗಿ ಎಲ್ಲ ಬಕೆಟುಗಳನ್ನು ಹೊರಗೆ ತಂದಿಟ್ಟಳು.

ಶೈಲೇಶನಿಗೆ ಇದರಲ್ಲಿ ತನ್ನ ನಾಯಕತ್ವಕ್ಕೆ ಅವಕಾಶ ಕಂಡಿತು. ಶೋರೂಮಿನಲ್ಲಿ ವರ್ಷಕ್ಕೊಮ್ಮೆ ತರಬೇತಿ ಕೊಡುತ್ತಾರೆ. ಅದರಲ್ಲಿ ಕಲಿತದ್ದನ್ನು ಉಪಯೋಗಿಸಲು ಬೇರೆಲ್ಲೂ ಜಾಗ ಸಿಕ್ಕಿರಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಮಾಡಿ, ಪ್ರಿಂಟು ತೆಗೆದು, ನೀರುಳ್ಳಿ ತುಂಬಿದ ಮೆಷಿನ್ನಿನ ಮೇಲೆ ಅಂಟಿಸಿದ. ಯಾರು ಎಷ್ಟು ಗಂಟೆಗೆ ಕಲ್ಲಿಗೆ, ಯಾರು ತಂತಿಗೆ, ಯಾರ ಕ್ಲಿಪ್ಪು ಯಾವ ಬಣ್ಣ, ಎಲ್ಲವೂ ಅದರಲ್ಲಿತ್ತು. ತನ್ನ ಹೆಸರಿನ ಮುಂದೆ 'ಮೇಲ್ವಿಚಾರಣೆ' ಎಂದು ಬರೆದುಕೊಂಡಿದ್ದ.

ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದಳು.

"ಚಂದ ಇತ್ತ್. ಇದ್ ದಿನಕ್ ಎಷ್ಟ್ ಅಂಗಿ ಒಗಿತ್ತ್?"

ಮೂರನೆಯ ದಿನ, ಒಂಬತ್ತನೇ ಕ್ಲಾಸಿನ ಪೂಜಿತಾ ಅದೇ ಹಾಳೆಯಲ್ಲಿ ಒದ್ದೆ ಸೋಪು ಸುತ್ತಿಟ್ಟಿದ್ದಳು.

ಪ್ರಫುಲ್ಲಾಳ ಪಾಠದಲ್ಲಿ ಮೊದಲ ದಿನ ನೀರೇ ಇರಲಿಲ್ಲ. ಕೊಳೆಯಾದ ಅಂಗಿ ಹಾಕಿಸಿ ರತನ್‌ನನ್ನು ಕಲ್ಲಿನ ಮೇಲೆ ನಿಲ್ಲಿಸಿದಳು.

"ಕೊಳಿ ಎಲ್ಲಿತ್ತ್ ಹೇಳ್ ಕಾಂಬ."

"ಎಲ್ಲಾ ಬದಿಯಂಗೂ ಇತ್ತ್."

"ಎಲ್ಲಾ ಬದಿಯಂಗ್ ಇಪ್ಪುದ್ ನಿನ್ ಸೋಮಾರಿತನ. ಕೊಳಿ ಇಪ್ಪುದ್ ಮೂರ್ನಾಕ್ ಬದಿ. ಕುತ್ಗಿ ಕಾಣ್. ಕಂಕಳ್ ಕಾಣ್. ಮೂಗ್ ಒರ್ಸೂ ತೋಳ್ ಕಾಣ್. ಅದ್ನ ತಿಕ್ಕ್, ಉಳ್ದದ್ಕ್ ಬರೀ ನೀರ್ ಸಾಕ್. ಇಡೀ ಅಂಗಿನ ಹೊಡೆಯೂದ್ ಎಂತಕ್ಕೆ, ಅದ್ ನಿಂಗ್ ಎಂತ ಮಾಡಿತ್?"

ಆಮೇಲೆ ಜೇಬು. ಜೇಬು ಮಗುಚದೆ ನೀರಿಗೆ ಹಾಕಕೂಡದು ಎಂದು ತೋರಿಸಲು ಪ್ರಫುಲ್ಲಾ ಹತ್ತಿರವಿದ್ದ ಶೈಲೇಶನ ಪ್ಯಾಂಟನ್ನೇ ಎತ್ತಿಕೊಂಡಳು. ಅದರಿಂದ ಗೋಳಿಬಜೆಯ ಎಣ್ಣೆ ಹತ್ತಿದ ಕಾಗದ ಹೊರಬಂತು. ಒಂದಲ್ಲ, ಮೂರು. ಶೈಲೇಶ ಎರಡು ತಿಂಗಳಿಂದ ತೂಕ ಇಳಿಸುವ ವ್ರತದಲ್ಲಿದ್ದ; ಅವನೊಬ್ಬನಿಗಾಗಿ ರಾಜೇಂದ್ರ ಮಾವನ ಹೆಂಡತಿ, ಅತ್ತೆ, ದಿನಾ ಎಣ್ಣೆಯಿಲ್ಲದ ಚಪಾತಿ ಲಟ್ಟಿಸುತ್ತಿದ್ದಳು. ಅತ್ತೆ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಆ ರಾತ್ರಿಯಿಂದ ಚಪಾತಿ ನಿಂತಿತು.

ಮಕ್ಕಳು ನಕ್ಕು ಮುಗಿಸಿದ ಮೇಲೂ ಶೈಲೇಶ ಆ ಪ್ಯಾಂಟನ್ನೇ ನೋಡುತ್ತ ಕೂತ. ಎರಡು ತಿಂಗಳಿಂದ ಈ ಕಾಗದಗಳು ಅವಳ ಕೈಗೆ ಸಿಗುತ್ತಿದ್ದಿರಬೇಕು. ಇವತ್ತು ಪಾಠಕ್ಕೆ ಬೇಕಾಗಿತ್ತೆಂದು ತೋರಿಸಿದಳು ಅಷ್ಟೆ. ಹಾಗಾದರೆ ಉಳಿದದ್ದು? ಅವನಿಗೆ ಮೂರು ವರ್ಷದ ಹಿಂದಿನ ಒಂದು ಪತ್ರ ನೆನಪಾಯಿತು. ಮಂಗಳೂರಿನಲ್ಲಿ ಒಂದು ಒಳ್ಳೆಯ ಕೆಲಸದ ಸಂದರ್ಶನಕ್ಕೆ ಹೋಗಿದ್ದ. 'ತಾವು ಆಯ್ಕೆಯಾಗಿಲ್ಲ' ಎಂಬ ಪತ್ರ ಬಂದಾಗ ಅದನ್ನು ಮುದ್ದೆ ಮಾಡಿ ಜೇಬಿಗೆ ತುರುಕಿ, 'ಕರೀತ್ರಂಬ್ರ್' ಎಂದು ಮನೆಯಲ್ಲಿ ಹೇಳಿದ್ದ. ಆಮೇಲೊಂದು ದಿನ ಆ ಪತ್ರ ಅವನ ಹಳೆಯ ಅಟ್ಲಾಸಿನ ನಡುವೆ ಸಿಕ್ಕಿತು, ಶಾಯಿ ತುಸು ಹರಡಿ, ಇಸ್ತ್ರಿ ಹಾಕಿದ ಹಾಗೆ ಮಟ್ಟಸವಾಗಿ. ತಾನೇ ಇಟ್ಟದ್ದು ಎಂದುಕೊಂಡಿದ್ದ. 'ಯಾವತ್ತ್ ಕರೀತ್ರ್' ಎಂದು ಆ ಮನೆಯಲ್ಲಿ ಅವನನ್ನು ಒಮ್ಮೆಯೂ ಕೇಳದಿದ್ದವಳು ಚಿಕ್ಕಿ ಒಬ್ಬಳೇ. ನಾಚಿಕೆ ಬಂದದ್ದು ಆವಾಗ.

ಪಾಠ ಮುಂದುವರಿಯಿತು. ರತನ್ ಒಂದು ಅಂಗಿಗೆ ಒಂದು ಬಾರು ಸೋಪು ಮುಗಿಸಿ, ನೊರೆಯ ನಡುವೆ ಮೋಡದಲ್ಲಿ ನಿಂತವನ ಹಾಗೆ ನಿಂತ. "ನೊರಿ ಬಂದ್ರೆ ಕೊಳಿ ಹೋಯ್ತ್ ಅಂತ ಅಲ್ಲ ಮಗಾ" ಎಂದಳು ಪ್ರಫುಲ್ಲಾ. "ನೊರಿ ಹೋದ್ಮೇಲೆ ನೀರಿನ್ ಬಣ್ಣ ಕಾಣ್." ಆ ನೊರೆ ಹೋಗಲು ರತನ್ ಬಾವಿಯಿಂದ ಹನ್ನೊಂದು ಕೊಡಪಾನ ನೀರು ಸೇದಬೇಕಾಯಿತು. ಆಮೇಲೆ ಅವನಷ್ಟು ಹಿಡಿತದಲ್ಲಿ ಸೋಪು ಬಳಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಂಗನವಾಡಿಗೆ ಹೋಗುವ, ಮನೆಯ ಕೊನೆಯ ಅವಳಿ ಮಕ್ಕಳಿಗೆ ಪ್ರಫುಲ್ಲಾ ತಲಾ ಒಂದು ಕರವಸ್ತ್ರ ಕೊಟ್ಟಿದ್ದಳು. ಅವರು ಅದನ್ನು ದಿನಕ್ಕೆ ಆರು ಸಲ ಒಗೆಯುತ್ತಿದ್ದರು.

ದಿವ್ಯಾಳ ಕೈಗೆ ಹಿಂಡುವ ಬಲವಿರಲಿಲ್ಲ. ಯೂನಿಫಾರ್ಮಿನಿಂದ ನೀರು ಇಳಿಯುತ್ತ, ಅವಳ ಕಣ್ಣಿಂದಲೂ ಇಳಿಯುತ್ತ ಕೂತಿದ್ದಾಗ ಪ್ರಫುಲ್ಲಾ ಆ ಲಂಗವನ್ನು ಪೇರಳೆಯ ಕೆಳಗಿನ ಕೊಂಬೆಗೆ ಸುತ್ತಿಸಿ, ಎರಡೂ ತುದಿ ಸೇರಿಸಿ ಅವಳ ಕೈಗೆ ಕೊಟ್ಟಳು. "ಹಿಂಡುದ್ ಬೇಡ. ಹಗ್ಗ ಹೊಸೆದಂಗ್ ತಿರ್ಗ್ಸ್ತಾ ಹೋಗ್. ಮರ ಹಿಡ್ಕಂತ್ತ್, ನೀ ತಿರ್ಗ್ಸ್." ದಿವ್ಯಾ ತಾನೂ ಬಟ್ಟೆಯ ಜೊತೆ ಗಿರಗಿರನೆ ತಿರುಗಿದಳು. ವಾರದೊಳಗೆ ಆ ಕೊಂಬೆಯ ಸಿಪ್ಪೆ ನುಣುಪಾಗಿ ಹೊಳೆಯತೊಡಗಿತು. ಹಾಗೆ ಹಿಂಡಿದ ಬಟ್ಟೆಗೆ ಒಂದು ಓರೆ ಸುಕ್ಕು ಬೀಳುತ್ತದೆ, ಕೊಂಬೆಯ ಸುಕ್ಕು ಎಂದು ಮನೆಯಲ್ಲಿ ಅದಕ್ಕೆ ಹೆಸರೇ ಆಯಿತು.

ಎರಡನೇ ಶನಿವಾರ ಗಂಜಿಯ ಪಾಠ. ಕುಚ್ಚಲಕ್ಕಿ ಅನ್ನ ಬಸಿದ ತೆಳಿಯನ್ನು ಸೋಸಿ, ನೀರು ಕೂಡಿಸಿ, ಬಿಳಿ ಅಂಗಿ ಅದ್ದಿ ತೆಗೆಯುವುದು. ದಿವ್ಯಾ ಎದುರಿಗೆ ಕೂತು ಕೇಳಿಸಿಕೊಂಡಳು. ಶೈಲೇಶ ಆಗ ಪಾಗಾರದ ಗೋಡೆಯ ಬಳಿ ನಿಂತು ಗಿರಾಕಿಯೊಬ್ಬರಿಗೆ ಮೈಲೇಜಿನ ಬಗ್ಗೆ ಫೋನಿನಲ್ಲಿ ಹೇಳುತ್ತಿದ್ದ. ತೆಳಿಯಲ್ಲಿ ಅದ್ದುವುದು ಎಂಬಷ್ಟು ಅವನ ಕಿವಿಗೆ ಬಿತ್ತು. ಅದು ಸಾಕು ಎನಿಸಿತು.

ಪರೀಕ್ಷೆಯ ವಾರ ಬಂತು. ಅಜ್ಜಿ ಬೆಳಿಗ್ಗೆ ಆರಕ್ಕೆ ಜಗಲಿಯಲ್ಲಿ ಎಲೆಅಡಿಕೆಯ ತಟ್ಟೆ ಇಟ್ಟುಕೊಂಡು ಕೂತರೆ ಮಕ್ಕಳು ಗೇಟು ದಾಟುವ ತನಕ ಏಳುತ್ತಿರಲಿಲ್ಲ. ಉಳಿದ ಮಾತಿಗೆಲ್ಲ ಅರ್ಧ ಕಿವುಡು, ಆ ಒಂದು ವಾಕ್ಯಕ್ಕೆ ಮಾತ್ರ ಎರಡೂ ಕಿವಿ. ಬುಧವಾರ ರತನ್ ತಿಂಡಿಗೆ ಕೂತಲ್ಲಿಂದ "ಚಿಕ್ಕೀ, ನನ್" ಎಂದದ್ದೇ ತಡ, ಪೂಜಿತಾ ಅವನ ಬಾಯಿಗೆ ಇಡೀ ಕಡುಬನ್ನು ತುರುಕಿದಳು.

"ಎಂತ ಹೇಳೂಕ್ ಹೊರ್ಟಿದ್ದ ಅವ?" ಎಂದಳು ಅಜ್ಜಿ.

"ಇನ್ನೊಂದ್ ಕಡ್ಬ್ ಬೇಕಂಬ್ರ್ ಅಜ್ಜಿ" ಎಂದಳು ಪೂಜಿತಾ.

ಆ ದಿನ ಸಂಜೆ ಶೈಲೇಶ ಅಜ್ಜಿಯ ಹತ್ತಿರ ಕೂತು ಹೇಳಿದ. ಶರತ್ತು ಸ್ವಲ್ಪ ಜಾಸ್ತಿಯಾಯಿತು, ಮಕ್ಕಳಲ್ಲವೇ, ಒಂದು ಸಲ ಬಾಯಿ ತಪ್ಪಿದರೆ ಚಿಕ್ಕಿಯ ಕೆಲಸ ಹೋಗುವುದು ಯಾವ ನ್ಯಾಯ. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಪ್ರಫುಲ್ಲಂಗ್ ಆಗ ಹತ್ತೊಂಬತ್ ವರ್ಷ. ಕುಂದಾಪ್ರದಂಗೆ ಹೊಲ್ಗಿ ಕ್ಲಾಸಿಗ್ ಹೋತಿತ್ತ್. ಒಳ್ಳೆ ಕೈ. ಎರಡನೇ ತಿಂಗ್ಳ್ ನಿನ್ ದೊಡ್ ಮಾವಂಗ್ ಜ್ವರ ಬಂತ್, ಗದ್ದಿ ಕೊಯ್ಲ್ ಇತ್ತ್, ಮನಿಯಂಗ್ ಜನ ಇಲ್ಲ. ನಾನೇ ಆಳ್ ಕಳ್ಸಿ ಕರ್ಸ್ದೆ. ಒಂದ್ ವಾರ ಅಂದ್ ಕರ್ದದ್. ಮತ್ ಹೋಯ್ಲಿಲ್ಲ. ನಾನೂ ಹೋಗ್ ಅನ್ಲಿಲ್ಲ." ಅಡಿಕೆಯ ಹೋಳುಗಳನ್ನು ತಟ್ಟೆಯಲ್ಲಿ ಒಟ್ಟು ಮಾಡಿದಳು. "ಈ ಸಲ ಹೋದ್ರೆ ಅರ್ಧದಂಗೆ ಯಾರೂ ಕೂಗಿ ಕರೆಯೂಕಾಗ. ಕರೆಯೂ ಜನ ನೀವ್ ಹೌದೋ ಅಲ್ದೋ ಅಂದ್ ಮುಂಚೆಯೇ ಕಾಂಬ ಅಂದ್ ಹೀಂಗ್ ಮಾಡ್ದೆ."

ಶೈಲೇಶ ಎದ್ದು ಹೋಗಿ ತನ್ನ ಸಾಕ್ಸ್ ತೊಳೆದ. ಯಾರೂ ಹೇಳಿರಲಿಲ್ಲ.

ಗುರುವಾರ ಕಳೆಯಿತು, ಶುಕ್ರವಾರ ಕಳೆಯಿತು. ಭಾನುವಾರದ ಹೊತ್ತಿಗೆ ಮನೆಯವರೆಲ್ಲ ಗೆದ್ದೇಬಿಟ್ಟೆವು ಎಂಬ ಮುಖದಲ್ಲಿದ್ದರು. ಮಾವ ರಾಜೇಂದ್ರ ಕೂಡ ತನ್ನ ಹೆಗಲ ಮೇಲಿನ ಬೈರಾಸನ್ನು ಅಂಗಡಿಯ ಹಿಂದೆ ಗುಟ್ಟಾಗಿ ಒಗೆದು ಒಣಗಿಸಿಕೊಂಡು ಬರುತ್ತಿದ್ದ. ದೊಡ್ಡವರಿಗೆ ಕಲಿಸಲಾಗುವುದಿಲ್ಲ, ಮಕ್ಕಳಿಗೆ ಕಲಿಸಿದರೆ ದೊಡ್ಡವರು ನಾಚಿ ಕಲಿಯುತ್ತಾರೆ ಎಂದು ಪ್ರಫುಲ್ಲಾ ಮೊದಲೇ ಹೇಳಿದ್ದಳು.

ಸೋಮವಾರ ಶೋರೂಮಿಗೆ ಮೇಲಿನ ಸಾಹೇಬರು ಬರುವವರಿದ್ದರು. ಶೈಲೇಶನಿಗೆ ಕಂಪನಿಯ ಬಿಳಿ ಅಂಗಿ ಬೇಕು. ರತನ್‌ನ ಯೂನಿಫಾರ್ಮು ತನ್ನ ಅಂಗಿಗಿಂತ ಬೆಳ್ಳಗಿರುವುದು ಅವನನ್ನು ನಾಲ್ಕು ದಿನದಿಂದ ಕೊರೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಚೆನ್ನಾಗಿಯೇ ಒಗೆದ. ಕುತ್ತಿಗೆ, ಕಂಕುಳು, ತೋಳಿನ ತುದಿ, ಎಲ್ಲ ನೆನಪಿಟ್ಟು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಕಾಲರು ಕತ್ತಿಯಂತೆ ನಿಲ್ಲಬೇಕು ಎಂದು ಆಸೆಯಾಯಿತು. ಅಡುಗೆಮನೆಯ ಹಿಂಬಾಗಿಲ ಬಳಿ ಒಂದು ಬೋಗುಣಿಯಲ್ಲಿ ತೆಳಿ ಇತ್ತು, ದಪ್ಪಗೆ, ತಣ್ಣಗೆ. ಬೈರಾಸಿನಲ್ಲಿ ಸೋಸಿಕೊಂಡು, ಅಂಗಿಯನ್ನು ಅದ್ದಿ, ಎರಡು ಸಲ ಅದ್ದಿ, ಮಕ್ಕಳ ಯೂನಿಫಾರ್ಮಿನಿಂದ ತಂತಿಗಳೆಲ್ಲ ತುಂಬಿದ್ದರಿಂದ ದನದ ಹಟ್ಟಿಯ ಪಕ್ಕದ ಬಿದಿರ ಗಳಕ್ಕೆ ಹರವಿ ಬಂದ.

ಆ ಬೋಗುಣಿ ಹಟ್ಟಿಯ ದನ ಕೆಂಪಿಯದು. ಅವಳು ಸಂಜೆ ಕುಡಿಯುವ ಅಕ್ಕಚ್ಚಿಗೆಂದು ಅತ್ತೆ ದಿನಾ ತೆಳಿ ಬಸಿದು ಇಡುತ್ತಾಳೆ, ಮೇಲೆ ಅವಳಿಗೆ ಇಷ್ಟದ ಒಂದು ಹಿಡಿ ಕಲ್ಲುಪ್ಪು ಹಾಕಿ.

ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಶೈಲೇಶ ಬನಿಯನ್ನಿನಲ್ಲಿ ಹಟ್ಟಿಯ ಕಡೆ ಹೋದ. ಮೇಯಲು ಬಿಟ್ಟ ಕೆಂಪಿ ಎಲ್ಲಿಗೂ ಹೋಗಿರಲಿಲ್ಲ. ಬಿದಿರಿನ ಕೆಳಗೆ ನಿಂತು, ಕಣ್ಣು ಅರ್ಧ ಮುಚ್ಚಿ, ನಿಧಾನವಾಗಿ ಮೆಲ್ಲುತ್ತಿದ್ದಳು. ಎಡತೋಳು ಮೊಣಕೈವರೆಗೆ ಒಳಗೆ ಹೋಗಿತ್ತು. ಕಾಲರು ಮೊದಲೇ ಮುಗಿದಿತ್ತು. ಕಂಪನಿಯ ಗುರುತಿದ್ದ ಜೇಬನ್ನು ಮಾತ್ರ ಮುಟ್ಟಿರಲಿಲ್ಲ; ಶೋರೂಮಿನಲ್ಲಿ ಹೇಳಿಕೊಡುವ ಬ್ರ್ಯಾಂಡಿನ ಮೇಲಿನ ಗೌರವ ಅವಳಿಗೆ ಹುಟ್ಟಿನಿಂದಲೇ ಇದ್ದಂತೆ ಕಂಡಿತು.

ಒಂಬತ್ತಕ್ಕೆ ಶೋರೂಮಿನಲ್ಲಿರಬೇಕು. ಬೇರೆ ಬಿಳಿ ಅಂಗಿಯಿಲ್ಲ. ಶೈಲೇಶನ ತಲೆಗೆ ಏನೂ ಹೊಳೆಯಲಿಲ್ಲ, ನಾಲಿಗೆಗೆ ಮಾತ್ರ ವರ್ಷಗಳ ಅಭ್ಯಾಸವಿತ್ತು.

"ಚಿಕ್ಕೀ!"

ಮನೆ ಗಕ್ಕನೆ ನಿಂತಿತು. ದೋಸೆಕಾವಲಿಯ ಮೇಲೆ ಸಟ್ಟುಗ ನಿಂತಿತು. ಪೂಜಿತಾಳ ಜಡೆ ಅರ್ಧಕ್ಕೆ ನಿಂತಿತು. ರತನ್ ಹಣೆಗೆ ಕೈ ಹೊಡೆದುಕೊಂಡ. ಜಗಲಿಯಿಂದ ಅಜ್ಜಿಯ ದನಿ ಬಂತು, ಅವಸರವಿಲ್ಲದೆ.

"ಎಂತ? ಪೂರ್ತಿ ಹೇಳ್."

ಶೈಲೇಶ ಅಂಗಳಕ್ಕೆ ಬಂದ. ಪ್ರಫುಲ್ಲಾ ಬಾಗಿಲಲ್ಲಿ ನಿಂತಿದ್ದಳು. ನೀಲಿ ಹತ್ತಿಯ ಸೀರೆ ಉಟ್ಟಿದ್ದಳು, ಮನೆಯಲ್ಲಿ ಉಡುವಂಥದ್ದಲ್ಲ. ನೆರಿಗೆಗಳು ಅಳತೆ ಹಿಡಿದು ಇಳಿದಿದ್ದವು. ಹೆಗಲಿಗೆ ಚೀಲ, ಕೈಯಲ್ಲಿ ಫೋನು. ಮಕ್ಕಳು ಗೇಟು ದಾಟಿದ ಕೂಡಲೇ ಸ್ವರ್ಣಲತಾಳಿಗೆ ಹೇಳಿ ಬಸ್ಸು ಹತ್ತಲು ತಯಾರಾಗಿದ್ದಳು. ಅವನ ಬನಿಯನ್ನನ್ನು ನೋಡಿದ ತಕ್ಷಣ ಅವಳ ಇನ್ನೊಂದು ಕೈ ತಾನಾಗಿಯೇ ಮುಂದೆ ಬಂದಿತ್ತು, ಎಂತದೋ ಕೊಡು, ಸರಿಮಾಡುತ್ತೇನೆ ಎನ್ನುವ ಹಾಗೆ.

ಉಳಿದ ಮೂರು ಶಬ್ದ ಅವನ ಹಲ್ಲಿನ ಹಿಂದೆಯೇ ನಿಂತಿದ್ದವು. ನುಂಗಿದ.

"ಚಿಕ್ಕೀ... ಸ್ವರ್ಣಲತಕ್ಕಂಗ್ ಫೋನ್ ಮಾಡ್. ಹೊತ್ತಾಯ್ತ್. ಬಸ್ಸ್ ಬತ್ತ್."

ಆಗ ಅವನ ಬೆನ್ನ ಹಿಂದಿನಿಂದ ಕೆಂಪಿ ಅಂಗಳಕ್ಕೆ ನಡೆದುಬಂದಳು, ಬಾಯಿಯಿಂದ ಬಲತೋಳು ಇಳಿಬಿಟ್ಟುಕೊಂಡು. ಅಂಗಳದ ನಡುವೆ ನಿಂತು ಎಲ್ಲರನ್ನೂ ನೋಡಿ, ಇನ್ನೊಂದು ಗೇಣು ಒಳಗೆಳೆದುಕೊಂಡಳು.

ರತನ್ ನಗು ತಡೆಯಲಾರದೆ ಕಂಬದ ಹಿಂದೆ ಹೋದ. ದಿವ್ಯಾ ಮಾತ್ರ ನಗಲಿಲ್ಲ. ಹತ್ತಿರ ಬಂದು ಟೀಚರಿನ ಹಾಗೆ ಕೇಳಿದಳು.

"ಅಣ್ಣ, ತೆಳಿಗ್ ಉಪ್ಪ್ ಹಾಕೂಕ್ ಮುಂಚೆ ತಕಣ್ಕ್ ಅಂದ್ ಚಿಕ್ಕಿ ಹೇಳಿತ್ತಲೆ. ನೀ ಆಗ ಎಲ್ಲಿದ್ದೆ?"

ಅಜ್ಜಿ ದನವನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು, ಮತ್ತೆ ದನವನ್ನು ನೋಡಿದಳು. ಎಲೆಗೆ ಸುಣ್ಣ ಸವರಿದಳು.

"ನಾ ಹೇಳಿದ್ 'ಅಂಗಿ ಎಲ್ಲಿ' ಅಂದ್ ಕೇಂಬುಕಾಗ ಅಂದ್. ಇವ ಕೇಣ್ಲಿಲ್ಲ. ಕೇಂಬು ಅಗತ್ಯವೂ ಇಲ್ಲ, ಅಂಗಿ ಎಲ್ಲಿತ್ತ್ ಅಂದ್ ಊರಿಗೇ ಕಾಣ್ತ್." ಎಲೆಯನ್ನು ಬಾಯಿಗಿಟ್ಟಳು. "ಪ್ರಫುಲ್ಲ, ಎಂತ ನಿಂತ್ಕಂಡ್ ಕಾಂತೆ? ಬಸ್ಸ್ ನಿಂಗ್ ಕಾಯ್ಕಂಡ್ ನಿಂತ್ಕಂತ್ತಾ?"

ಪ್ರಫುಲ್ಲಾ ಮುಂದೆ ಚಾಚಿದ್ದ ಕೈಯನ್ನು ಆಗ ನೋಡಿಕೊಂಡಳು. ಅದನ್ನು ಹಿಂದೆಗೆದು ಸೆರಗಿನೊಳಗೆ ಸುತ್ತಿಟ್ಟಳು, ಇನ್ನೊಮ್ಮೆ ಹೊರಗೆ ಬರದ ಹಾಗೆ.

"ಮಾವನ್ ಅಂಗಿ ಕಪಾಟಿನಂಗ್ ಇತ್ತ್" ಎಂದಳು. "ತಕಂಡ್ ಬಾ ಅಂಬುಲ್ಲ. ಇತ್ತ್ ಅಂದ್ ಹೇಳ್ದೆ ಅಷ್ಟೆ."

ಅಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು; ಶೈಲೇಶ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕುಂದಾಪುರಕ್ಕೆ ಹೊರಟ. ರಾಜೇಂದ್ರ ಮಾವನ ಅಂಗಿಯೊಳಗೆ ಇನ್ನೊಬ್ಬ ಶೈಲೇಶನಿಗೆ ಜಾಗವಿತ್ತು; ಸೇತುವೆಯ ಮೇಲೆ ಹೊಳೆಯ ಗಾಳಿ ಹೊಕ್ಕು ಅದು ಹಾಯಿಯ ಹಾಗೆ ಉಬ್ಬಿ ಚಿಕ್ಕಿಯ ಮುಖಕ್ಕೆ ಬಡಿಯುತ್ತಿತ್ತು. "ಬೆಲ್ಲ" ಎಂದಳು ಅವಳು ಮೂಗಿನ ಹತ್ತಿರ ಬಂದ ಅಂಗಿಗೆ. "ಅತ್ತಿಗೆ ಸಮ ತಿಕ್ಕ್‌ಲಿಲ್ಲ." ಆಮೇಲೆ, "ಇರ್ಲಿ" ಎಂದಳು.

ಶೋರೂಮಿನಲ್ಲಿ ಸಾಹೇಬರು ಅವನ ಅಂಗಿಯನ್ನು ಬಹಳ ಹೊತ್ತು ನೋಡಿ, ಯೂನಿಫಾರ್ಮ್ ಎಲ್ಲಿ ಎಂದು ಕೇಳಿದರು. ಸುಳ್ಳು ಹುಡುಕಲು ಶೈಲೇಶನಿಗೆ ಶಕ್ತಿಯಿರಲಿಲ್ಲ. "ದನ ತಿಂದಿತ್ ಸರ್" ಎಂದ. ಉಳಿದ ಹುಡುಗರು ನೆಲ ನೋಡಿದರು. ಸಾಹೇಬರು ಬ್ರಹ್ಮಾವರದವರು. ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು.

"ತೆಳಿಗ್ ಉಪ್ಪ್ ಹಾಕಿತ್ತಾ?"

ಪ್ರಫುಲ್ಲಾ ಆ ದಿನ ನಾಲ್ಕು ಸೀರೆಗೆ ನೆರಿಗೆ ಹಿಡಿದಳು. ಮರುದಿನ ಆರಕ್ಕೆ. ವಾರದ ಕೊನೆಯಲ್ಲಿ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಬಾವಿಕಟ್ಟೆಯ ಬಳಿ ಯಾರೂ ಇರಲಿಲ್ಲ, ಕಲ್ಲು ಒಣಗಿತ್ತು. ತಂತಿಯ ಮೇಲೆ ಅವಳ ನೀಲಿ ಸೀರೆ ಇತ್ತು. ಬೆಳಿಗ್ಗೆ ಅವಳು ಬಕೆಟಿನಲ್ಲಿ ಬಿಟ್ಟುಹೋದದ್ದು.

ಒಂದು ಅಂಚು ನೆಲಕ್ಕೆ ಇಳಿದಿತ್ತು, ಇನ್ನೊಂದು ಮೇಲೆ ಹೋಗಿತ್ತು. ಏಳು ಬಣ್ಣದ ಕ್ಲಿಪ್ಪು ಒಂದೇ ಕಡೆ ಸಾಲಾಗಿ ಹಾಕಿದ್ದರು. ಉದ್ದಕ್ಕೂ ಕೊಂಬೆಯ ಓರೆ ಸುಕ್ಕು. ಅಂದರೆ ಒಂದು ತುದಿಗೆ ದಿವ್ಯಾ, ಇನ್ನೊಂದಕ್ಕೆ ರತನ್. ಸೋಪಿನ ಗುರುತು ಎಲ್ಲೂ ಉಳಿದಿರಲಿಲ್ಲ. ಮುಟ್ಟಿದರೆ ಹಪ್ಪಳದ ಹಾಗೆ ಬಿರುಸು; ಅಷ್ಟು ಗಂಜಿ ಹಾಕುವವ ಮನೆಯಲ್ಲಿ ಒಬ್ಬನೇ. ಜಗಲಿಯ ಕಿಟಕಿಯ ಹಿಂದೆ ನಾಲ್ಕೈದು ತಲೆಗಳು ಉಸಿರು ಹಿಡಿದು ನಿಂತಿರುವುದು ಅವಳಿಗೆ ಗೊತ್ತಾಯಿತು.

ಪ್ರಫುಲ್ಲಾ ಸೀರೆಯ ಅಂಚಿಗೆ ಕೈ ಹಾಕಿದಳು. ಎಳೆದು ಸರಿಮಾಡಲು ಅರ್ಧ ನಿಮಿಷದ ಕೆಲಸ. ಬಿಟ್ಟಳು. ಓರೆಯಾಗಿದ್ದದ್ದು ಓರೆಯಾಗಿಯೇ ಇರಲಿ ಎಂದು ಚೀಲ ಹೆಗಲಿಗೇರಿಸಿ ಒಳಗೆ ನಡೆದಳು.

ಮೇದು ಬಂದ ಕೆಂಪಿ ಆ ತಂತಿಯ ಕೆಳಗೇ ಹಾದು ಹಟ್ಟಿಗೆ ಹೋದಳು. ಸೀರೆಯ ಸೆರಗು ಅವಳ ಕೊಂಬಿಗೆ ತಾಗಿತು. ತಿರುಗಿ ಮೂಸಿಯೂ ನೋಡಲಿಲ್ಲ.